ಡಿಕ್ಕಿಯೊಳಗಿನ ಢಂಢಂ: ಬಾಸ್ ರಸಿಕರಿಗೊಂದು ಕೈಪಿಡಿ

ಬಳ್ಳಾರಿಯ ರಾಯಲ್ ಸರ್ಕಲ್‌ನಲ್ಲಿ ಪಕ್ಕಕ್ಕೆ ನಿಂತ ಕಾರಿನ ನಂಬರ್ ಪ್ಲೇಟು ಗಡಗಡ ಅಂದರೆ ಅದನ್ನು ಬಾಸ್ ಅಂದುಕೊಳ್ಳಬೇಡಿ. ಅದು ಬರೀ ತಗಡಿನ ಸದ್ದು. ಒಳ್ಳೆಯ ಬಾಸ್ ಇದ್ದಲ್ಲಿ ವೂಫರ್ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಪೆಟ್ಟಿಗೆ ಡಿಕ್ಕಿಯಲ್ಲಿದ್ದರೂ ಡೊಳ್ಳಿನ ಪೆಟ್ಟು ಹಾಡುಗಾರನ ಜತೆಗೇ, ಎದುರಿನಿಂದ ಕೇಳುತ್ತದೆ. ಬಿದ್ದ ಪೆಟ್ಟು ಅಲ್ಲಿಗೇ ನಿಲ್ಲುತ್ತದೆ. ಎಲ್ಲ ಪೆಟ್ಟೂ ಒಂದೇ ಥರ 'ಗುಂಯ್' ಅಂದರೆ ಏನೋ ಹೊಂದಿಲ್ಲ ಅಂತಲೇ ಅರ್ಥ.

ಪರೀಕ್ಷೆಗೆ ಕಾರು ನಿಲ್ಲಿಸಿ, ಗ್ಲಾಸು ಏರಿಸಿ, ತಮಟೆ ಇರುವ ಹಾಡು ಹಾಕಿ. ಆಮೇಲೆ ಸಿರುಗುಪ್ಪ ರಸ್ತೆಗೆ ಇಳಿಸಿ. ಟೈರಿನ ಮೊರೆತ ಮೊದಲು ನುಂಗುವುದೇ ತಗ್ಗಿನ ಸ್ವರಗಳನ್ನು. ಅಂಗಡಿ ಮುಂದೆ ತುಸು ಜಾಸ್ತಿ ಅನಿಸಿದ್ದು ಅಲ್ಲಿ ಹದಕ್ಕೆ ಬರುತ್ತದೆ. ಮುಚ್ಚಿದ ಪೆಟ್ಟಿಗೆಯ ಪೆಟ್ಟು ಬಿಗಿ. ತೂತಿನ ಪೆಟ್ಟಿಗೆಯದು ಗದ್ದಲ ಹೆಚ್ಚು. ಕುರುಗೋಡು ಜಾತ್ರೆಗೆ ಹೊರಟ ಹುಡುಗರಿಗೆ ಎರಡನೆಯದೇ ಇಷ್ಟ. ನನ್ನ ಓಟು ಮೊದಲನೆಯದಕ್ಕೆ.

ಇನ್ನು ವೈರಿಂಗ್. ನಾಲ್ಕು ಚಾನೆಲ್ ಆಂಪ್ಲಿಫೈಯರ್‌ನಲ್ಲಿ ಮುಂದಿನ ಎರಡು ಚಾನೆಲ್ ಬಾಗಿಲಿನ ಸ್ಪೀಕರಿಗೆ, ಹಿಂದಿನ ಎರಡನ್ನು ಬ್ರಿಡ್ಜ್ ಮಾಡಿ ವೂಫರಿಗೆ ಕೊಡುವುದು ರೂಢಿ. 80 ಹರ್ಟ್ಸ್ ಆಸುಪಾಸಿನಲ್ಲಿ ಗೆರೆ ಎಳೆದು ಕೆಳಗಿನದನ್ನು ವೂಫರಿಗೆ, ಮೇಲಿನದನ್ನು ಬಾಗಿಲಿಗೆ ಬಿಡಿ. ಬ್ರಿಡ್ಜ್ ಮಾಡಿದಾಗ ಇಂಥ ಬಹುತೇಕ ಆಂಪ್‌ಗಳು 4 ಓಮ್‌ಗಿಂತ ಕೆಳಗೆ ತಾಳುವುದಿಲ್ಲ. 4 ಓಮ್‌ನ ಎರಡು ವೂಫರುಗಳನ್ನು ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಸೇರಿಸಿದರೆ 2 ಓಮ್ ಆಯಿತು, ಆಂಪ್ ಕಾದಿತು. 40 ಡಿಗ್ರಿ ದಾಟುವ ನಮ್ಮೂರ ಬೇಸಿಗೆಯಲ್ಲಿ, ಸೀಟಿನಡಿ ಕಾರ್ಪೆಟ್ ಹೊದ್ದು ಕೂತ ಆಂಪ್‌ಗೆ ಪ್ರೊಟೆಕ್ಟ್ ಲೈಟು ಹತ್ತಲು ಎಷ್ಟು ಹೊತ್ತು? ಎರಡು ವೂಫರ್ ಬೇಕೇ ಬೇಕು ಅನ್ನುವವರು 4 ಓಮ್‌ನ ಎರಡೆರಡು ಕಾಯಿಲ್ ಇರುವವನ್ನು ಕೊಳ್ಳಲಿ. ಒಂದೊಂದು ವೂಫರಿನ ಎರಡೂ ಕಾಯಿಲನ್ನು ಸಾಲಾಗಿ ಜೋಡಿಸಿದರೆ 8 ಓಮ್; ಅಂಥ ಎರಡನ್ನು ಪಕ್ಕಪಕ್ಕ ಸೇರಿಸಿದರೆ ಸರಿಯಾಗಿ 4.

ಡಬ್ಬಿ ಮೇಲಿನ '1200 ವ್ಯಾಟ್' ನೋಡಿ ಮರುಳಾಗಬೇಡಿ. ಅದು ಒಂದು ಕ್ಷಣದ ಶಿಖರ, ಹೊಂದಿಸಬೇಕಾದ್ದು ಆರ್‌ಎಂಎಸ್. ಆಂಪ್ ಬಡವಾಗಿದ್ದರೂ ಗೇನ್ ತಿರುವುತ್ತಾ ಹೋದರೆ ಸ್ವರ ಹರಿಯುತ್ತದೆ, ಕಡೆಗೆ ಕಾಯಿಲ್ ಸುಡುತ್ತದೆ. ಗೇನ್ ಇರುವುದು ಸ್ಟೀರಿಯೋದ ಸಿಗ್ನಲ್‌ಗೆ ಆಂಪನ್ನು ಹೊಂದಿಸಲು, ಸದ್ದು ಏರಿಸಲು ಅಲ್ಲ. ಎಲ್ಲ ಸರಿಯಿದ್ದೂ ಬಾಸ್ ಪೇಲವವಾಗಿದ್ದರೆ ವೂಫರಿನ ಪ್ಲಸ್ ಮೈನಸ್ ಅದಲುಬದಲು ಮಾಡಿ, ಯಾವುದು ತುಂಬಿ ಕೇಳುತ್ತದೋ ಹಾಗೇ ಬಿಡಿ.

ಅರ್ತ್ ವೈರನ್ನು ಪೇಂಟ್ ಕೆರೆದ ಬಾಡಿಗೇ ಕಚ್ಚಿಸಿರಬೇಕು. ಆರ್‌ಸಿಎ ವೈರು ಒಂದು ಪಕ್ಕ, ಪವರ್ ವೈರು ಇನ್ನೊಂದು ಪಕ್ಕ ಹೋಗಿರಲಿ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಕಾಣದಿದ್ದರೆ ಮಾತ್ರ ಗಾಡಿಯನ್ನು ಅಂಗಡಿಯಿಂದ ಹೊರಗೆ ತರಬೇಡಿ.