ಮರಳಿನ ಮೆಣಸಿನಕಾಯಿ, ಕಬ್ಬಿಣದ ಲೆಕ್ಕ

ಇಸ್ರೇಲಿನ ಅರಾವಾ ಕಣಿವೆಯ ಮರಳಿನಲ್ಲಿ ಬೆಳೆದ ದಪ್ಪ ಮೆಣಸಿನಕಾಯಿ ಯೂರೋಪಿನ ಅಂಗಡಿಗಳವರೆಗೂ ಹೋಗುತ್ತದೆ. ಬರೀ ಮರಳಿನಲ್ಲಿ ಬೆಳೆದದ್ದಕ್ಕೆ ಕಬ್ಬಿಣ ಎಲ್ಲಿಂದ ಬರಬೇಕು ಎಂಬ ಅನುಮಾನ ಯಾರಿಗಾದರೂ ಹುಟ್ಟೀತು.

ಕಬ್ಬಿಣಕ್ಕೇನೂ ಬರವಿಲ್ಲ. ಮರುಭೂಮಿಯ ಮರಳಿಗೆ ಕೆಂಪು, ಹಳದಿ ಬಣ್ಣ ಬಂದಿರುವುದೇ ಅದರ ಆಕ್ಸೈಡಿನ ಲೇಪದಿಂದ. ಆದರೆ ಸುಣ್ಣದಂಶವಿರುವ ಈ ಮಣ್ಣಿನ ಪಿಎಚ್ 8ರ ಆಸುಪಾಸು; ಪಿಎಚ್ ಒಂದು ಅಂಕ ಏರಿದರೆ ಕರಗುವ ಕಬ್ಬಿಣ ಸುಮಾರು ಸಾವಿರ ಪಟ್ಟು ಇಳಿಯುತ್ತದೆ. ಆಗ ನರಗಳಷ್ಟೇ ಹಸಿರಾಗಿ ಉಳಿದು ಎಳೆ ಎಲೆ ಹಳದಿಗೆ ತಿರುಗುತ್ತದೆ. ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಹಾಕಿದರೆ ಅದೂ ಬೇಗನೆ ತುಕ್ಕಾಗಿ ಕೂರುತ್ತದೆ. ಅದಕ್ಕೇ ಹನಿ ನೀರಾವರಿಯ ಕೊಳವೆಯಲ್ಲಿ ಚಿಲೇಟ್ ಕಬ್ಬಿಣ, ಅಂದರೆ ತುಕ್ಕಾಗದಂತೆ ಇನ್ನೊಂದು ಸಂಯುಕ್ತ ಹಿಡಿದಿಟ್ಟ ಕಬ್ಬಿಣ, ಹರಿಸುವ ಪದ್ಧತಿ. ಇಡಿಟಿಎ ಎಂಬ ಚಿಲೇಟ್ ಇಂಥ ಮಣ್ಣಿನಲ್ಲಿ ಕೈಕೊಡುತ್ತದೆ. ದುಬಾರಿಯಾದರೂ ಇಡಿಡಿಎಚ್ಎ ಎಂಬ ಚಿಲೇಟ್ ತಾಳಿಕೊಳ್ಳುತ್ತದೆ. ಬೇಸಾಯದ ಜಾಣ್ಮೆಯಾಗಿ ಇದಕ್ಕೆ ಪೂರ್ಣ ಅಂಕ ಕೊಡಬಹುದು.

ಇದರಿಂದ ಕಾಯಿಯೂ ಕಬ್ಬಿಣದ ಗಣಿಯಾಗುತ್ತದೆ ಎಂದರೆ ಮಾತ್ರ ಒಪ್ಪಲಾರೆ. ಹೆಚ್ಚಾದ ಕಬ್ಬಿಣ ಗಿಡಕ್ಕೂ ವಿಷ, ಬೇರು ಅಳೆದು ಸುರಿದು ಹೀರುತ್ತದೆ. 100 ಗ್ರಾಂ ದಪ್ಪ ಮೆಣಸಿನಕಾಯಿಯಲ್ಲಿ ಸಾಮಾನ್ಯವಾಗಿ ಅರ್ಧ ಮಿಲಿಗ್ರಾಂ ಕೂಡ ಇರುವುದಿಲ್ಲ, ಪಾಲಕ್ ಸೊಪ್ಪಿನಲ್ಲಿ ಸುಮಾರು 2.7 ಮಿಲಿಗ್ರಾಂ. ಯಾವ ಮಣ್ಣು ಎನ್ನುವುದಕ್ಕಿಂತ ಯಾವ ತರಕಾರಿ ಎಂಬುದೇ ಇಲ್ಲಿ ಮುಖ್ಯ.

ನನ್ನ ದೊಡ್ಡ ತಕರಾರಿರುವುದು ತರಕಾರಿಯ ಕಬ್ಬಿಣವನ್ನು ಅಳೆಯುವ ಬಗೆಯ ಮೇಲೆ. ಮರುಭೂಮಿಯಲ್ಲಿ ಧೂಳು ಸೊಪ್ಪಿನ ಮಡಿಕೆ ಮಡಿಕೆಗೂ ನುಗ್ಗುತ್ತದೆ. ಸರಿಯಾಗಿ ತೊಳೆಯದಿದ್ದರೆ ಧೂಳಿನ ಕಬ್ಬಿಣವೂ ಸೊಪ್ಪಿನ ಖಾತೆಗೇ ಜಮಾ. ಎಚ್ಚರವುಳ್ಳವರು ಜೊತೆಗೆ ಅಲ್ಯೂಮಿನಿಯಂ ಅಥವಾ ಟೈಟಾನಿಯಂ ಅಳೆಯುತ್ತಾರೆ. ಗಿಡ ಅವನ್ನು ಹೀರುವುದು ತೀರಾ ಕಡಿಮೆಯಾದ್ದರಿಂದ ಅವು ಹೆಚ್ಚು ಕಂಡರೆ ಮಣ್ಣು ಅಂಟಿದೆ ಎಂದೇ ಅರ್ಥ. ಈ ತಾಳೆ ನೋಡದ ಅಂಕಿಗಳನ್ನು ನಾನು ನಂಬುವುದಿಲ್ಲ. ಇನ್ನೊಂದು ವಿಚಿತ್ರವೂ ಇದೆ: ಹಳದಿ ಎಲೆಯಲ್ಲಿ ಕೆಲವೊಮ್ಮೆ ಹಸಿರೆಲೆಯಷ್ಟೇ, ಅದಕ್ಕಿಂತ ಹೆಚ್ಚೂ ಕಬ್ಬಿಣ ಸಿಗುತ್ತದೆ. ಒಳಗೆ ಬಂದದ್ದು ಕೆಲಸಕ್ಕೆ ಬಾರದೆ ಬಿದ್ದಿರುತ್ತದೆ, ಅಷ್ಟೆ.

ತಿನ್ನುವವರ ಲೆಕ್ಕವೇ ಬೇರೆ. ಪಾಲಕ್‌ನ ಕಬ್ಬಿಣದಲ್ಲಿ ಮೈಗೆ ಹತ್ತುವುದು ಸ್ವಲ್ಪವೇ. ಕೆಂಪಾಗಿ ಹಣ್ಣಾದ ದಪ್ಪ ಮೆಣಸಿನಕಾಯಿಯಲ್ಲಾದರೆ 100 ಗ್ರಾಂಗೆ ನೂರು ಮಿಲಿಗ್ರಾಂ ಮೀರಿದ ಸಿ ಜೀವಸತ್ವವಿರುತ್ತದೆ. ಹಸಿಯಾಗಿ ತಿಂದರೆ, ಅದೇ ಊಟದ ಕಡಲೆಕಾಳಿನ ಕಬ್ಬಿಣವನ್ನು ಮೈ ಹೀರಿಕೊಳ್ಳಲು ಅದು ನೆರವಾಗುತ್ತದೆ. ಅರಾವಾದ ಬೆಳೆಗಾರರು ಹೊಗಳಿಕೊಳ್ಳುವುದಾದರೆ ಈ ಗುಣವನ್ನೇ ಹೊಗಳಿಕೊಳ್ಳಲಿ.