ಹುರಿದ ಕಾಳಿನ ಕಹಿ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿಬಂದ ತಾಯಂದಿರು ಬರೆದ ಪ್ರವಾಸ ಕಥನಗಳನ್ನು ನಾನು ಸಾಕಷ್ಟು ಓದಿದ್ದೇನೆ. ಅವುಗಳಲ್ಲಿ ನಯಾಗರ ಇರುತ್ತದೆ, ದೇವಸ್ಥಾನ ಇರುತ್ತದೆ, ಪಾತ್ರೆ ತೊಳೆಯುವ ಯಂತ್ರ ಇರುತ್ತದೆ. ಅಳಿಯ ಮನೆಯಲ್ಲೇ ಬಿಯರ್ ಮಾಡಿದ ಸಂಗತಿ ಮಾತ್ರ ಇರುವುದಿಲ್ಲ. ನಾನೂ ಅದನ್ನು ಬರೆಯಬಾರದೆಂದೇ ಇದ್ದೆ. ಹೈಸ್ಕೂಲಿನ ಟೀಚರಮ್ಮ ಬಿಯರಿನ ರುಚಿಯ ಬಗ್ಗೆ ಅಭಿಪ್ರಾಯ ಹೇಳಿದಳೆಂದರೆ ಕಾರ್ಗಲ್ ಪೇಟೆಯಲ್ಲಿ ಅದು ಎಷ್ಟು ದಿನದ ಮಾತಾದೀತೆಂದು ನಿಮಗೆ ಹೇಳಬೇಕಾಗಿಲ್ಲ. ಆದರೆ ಹೋದ ವರ್ಷ ಬೆಂಗಳೂರಿನಲ್ಲಿ ಒಂದು ಪಟ್ಟಿಯನ್ನು ಓದಿದೆ. ಇಷ್ಟು ವರ್ಷ ಮಕ್ಕಳ ಪ್ರಬಂಧ ತಿದ್ದಿದ ಕೈ, ಸುಮ್ಮನಿರಲಿಲ್ಲ. ಆ ಪಟ್ಟಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

2018ರ ಬೇಸಿಗೆ ರಜೆಗೆ ಗಳಿಕೆ ರಜೆಯನ್ನೂ ಸೇರಿಸಿಕೊಂಡು ಒರೆಗಾನ್ ರಾಜ್ಯದ ಪೋರ್ಟ್‌ಲೆಂಡಿಗೆ ಹೋಗಿದ್ದೆ. ಸಣ್ಣ ಸಣ್ಣ ಬಿಯರ್ ತಯಾರಕರಿಗೆ ಹೆಸರಾದ ಊರು ಅದು. ನನಗೆ ಅದೇನೂ ಗೊತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಬಾಣಂತಿಯ ಲೇಹ್ಯ, ಮೊಳಕೆ ಕಟ್ಟಿದ ರಾಗಿಯ ಹಿಟ್ಟು ತುಂಬಿಕೊಂಡು ಇಳಿದಿದ್ದೆ. ಹೋದ ಎರಡನೇ ಶನಿವಾರ ಬೆಳಿಗ್ಗೆ ಎದ್ದರೆ ಮನೆತುಂಬ ರಾಗಿ ಮಣ್ಣಿ ಕಾಯಿಸಿದ ಪರಿಮಳ. ಮಗಳು ಇನ್ನೂ ಮಲಗಿದ್ದಳು. ಕಾರು ನಿಲ್ಲಿಸುವ ಕೋಣೆಯ ಕದ ತೆಗೆದು ನೋಡಿದರೆ ಅಳಿಯಂದಿರು ಹಂಡೆಯಂಥ ಒಂದು ಪಾತ್ರೆಯ ಮುಂದೆ ಸೌಟು ಹಿಡಿದು ನಿಂತಿದ್ದಾರೆ.

"ಬಾರ್ಲಿ, ಅತ್ತೆ. ಮೊಳಕೆ ಬರಿಸಿ ಒಣಗಿಸಿದ್ದು. ಕರಿ ಬಿಯರ್ ಮಾಡ್ತಿದೀನಿ, ಸ್ಟೌಟ್ ಅಂತಾರೆ" ಎಂದರು. ಸ್ವಲ್ಪ ಸಂಕೋಚದಿಂದಲೇ.

ನನಗೆ ಆಗ ಸಿಟ್ಟು ಬರಲಿಲ್ಲ, ಕುತೂಹಲವೇ ಆಯಿತು. ಯಾಕೆಂದರೆ ಆ ಕೆಲಸದ ಅರ್ಧ ಭಾಗ ನಮ್ಮೆಲ್ಲರ ಅಡುಗೆಮನೆಯದ್ದು. ರಾಗಿಯನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಇಣುಕಿದ ಮೇಲೆ ನೆರಳಿನಲ್ಲಿ ಒಣಗಿಸಿ, ಬೇರನ್ನು ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸುತ್ತೇವಲ್ಲ, ಮಾಲ್ಟ್ ಎಂದರೆ ಅಷ್ಟೆ. ಮೊಳೆಯುವಾಗ ಕಾಳಿನೊಳಗೆ ಎಚ್ಚರಗೊಳ್ಳುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಮೊಳಕೆ ರಾಗಿಯ ಮಣ್ಣಿ ನೀರಾಗಿ, ತುಸು ಸಿಹಿಯಾಗಿ, ಮಗುವಿಗೆ ಬೇಗ ಜೀರ್ಣವಾಗುವುದು ಅದರಿಂದಲೇ. ಅಳಿಯಂದಿರು ಒಡೆದ ಬಾರ್ಲಿಯನ್ನು 67 ಡಿಗ್ರಿ ಬಿಸಿನೀರಿನಲ್ಲಿ ಒಂದು ತಾಸು ಇಟ್ಟರು, ಸೋಸಿದರು, ಸೋಸಿದ ಸಿಹಿನೀರನ್ನು ಹಾಪ್ಸ್ ಎಂಬ ಹೂವಿನ ಜೊತೆ ಇನ್ನೊಂದು ತಾಸು ಕುದಿಸಿದರು. ಹಾಪ್ಸ್ ಒಂದು ಬಳ್ಳಿ. ಒರೆಗಾನಿನ ಹೊಲಗಳಲ್ಲಿ ಅದು ಎತ್ತರದ ತಂತಿಗೆ ಹಬ್ಬಿರುವುದನ್ನು ನೋಡಿದಾಗ ನಮ್ಮ ಅಡಿಕೆ ಮರದ ಮೆಣಸಿನ ಬಳ್ಳಿ ನೆನಪಾಯಿತು. ಬಿಯರಿಗೆ ಬೇಕಾಗುವುದು ಹೆಣ್ಣು ಬಳ್ಳಿಯ ಹೂ ಮಾತ್ರ. ಕುದಿಸಿದ್ದನ್ನು ಇಪ್ಪತ್ತು ಡಿಗ್ರಿಗೆ ತಣಿಸಿ, ಯೀಸ್ಟ್ ಹಾಕಿ, ಹತ್ತೊಂಬತ್ತು ಲೀಟರಿನ ಗಾಜಿನ ಜಾಡಿಗೆ ತುಂಬಿದರು. ಕಪ್ಪು ಬಣ್ಣ ಎಲ್ಲಿಂದ ಎಂದು ಕೇಳಿದೆ. ಕಾಳೆಲ್ಲ ಕಪ್ಪಲ್ಲ, ಹತ್ತರಲ್ಲಿ ಒಂದು ಪಾಲಿನಷ್ಟನ್ನು ಕಾಫಿಬೀಜದ ಹಾಗೆ ಕಪ್ಪಗೆ ಹುರಿದಿರುತ್ತಾರಂತೆ. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಎಂಬಾತ ಉರುಳೆಯಲ್ಲಿ ಮಾಲ್ಟನ್ನು ಹಾಗೆ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಈ ಕಪ್ಪು ಸುಲಭವಾಯಿತು.

ಇಷ್ಟರವರೆಗೆ ಸರಿಯೇ ಇತ್ತು. ಮೂರನೇ ದಿನ ಜಾಡಿ ಉಸಿರಾಡತೊಡಗಿತು. ಮುಚ್ಚಳದ ಕೊಳವೆಯಿಂದ ಗುಳುಗುಳು ಗಾಳಿ. ಮಗುವಿನ ಬಟ್ಟೆ ಒಣಹಾಕಲು ಆ ಕೋಣೆಗೆ ಹೋದವಳು ಕದದಲ್ಲೇ ನಿಂತೆ. ಮಣ್ಣಿಯ ಪರಿಮಳ ಹೋಗಿ ಅಪ್ಪನ ಅಂಗಿಯ ವಾಸನೆ ಬಂದಿತ್ತು.

ಅಪ್ಪನ ಊರು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನಾನಿನ್ನೂ ಹುಟ್ಟಿರಲಿಲ್ಲ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅಪ್ಪ ಕೂಲಿಯವರಾಗಿದ್ದರು, ಬಟವಾಡೆಯ ಸಂಜೆ ಸಾರಾಯಿ ಅಂಗಡಿಯಲ್ಲಿರುತ್ತಿದ್ದರು. ಉಳಿದ ದುಡ್ಡನ್ನಾದರೂ ತರಲೆಂದು ಅಮ್ಮ ನನ್ನನ್ನು ಕಳಿಸುತ್ತಿದ್ದಳು. ಅಂಗಡಿಯ ಎದುರಿನ ಮೋರಿಕಟ್ಟೆಯ ಮೇಲೆ ಕೂತು, ಅಲ್ಲಿನ ಬೆಳಕಿನಲ್ಲೇ ಶಾಲೆಯ ಲೆಕ್ಕ ಮಾಡುತ್ತಿದ್ದೆ. ನನ್ನ ಗಣಿತ ಚೆನ್ನಾಗಿರಲು ಅದೂ ಒಂದು ಕಾರಣ ಎಂದು ಈಗ ನಗುತ್ತೇನೆ. ಆಗ ನಗು ಬರುತ್ತಿರಲಿಲ್ಲ.

ಎರಡು ದಿನ ಅಳಿಯಂದಿರ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಮಗಳಿಗೆ ಅರ್ಥವಾಯಿತು. "ಅಮ್ಮ, ಅಜ್ಜ ಕುಡೀತಿದ್ದಿದ್ದು ಸಾರಾಯಿ. ಇದು ಬೇರೆ" ಅಂದಳು. "ಸೀಸೆ ಬೇರೆ ಇರಬಹುದು. ಕಾಯುವವಳು ಬೇರೆಯೇ?" ಎಂದೆ. ಬಾಣಂತಿಗೆ ಹೇಳುವ ಮಾತಲ್ಲ, ಹೇಳಿಬಿಟ್ಟೆ.

ಅಪ್ಪನ ಕುಡಿತಕ್ಕೆ ನೆಂಟರೆಲ್ಲ ಒಂದು ಕಾರಣ ಕೊಡುತ್ತಿದ್ದರು: "ಗದ್ದೆ ಮುಳುಗಿತು, ಮನುಷ್ಯ ಕುಡಿಯದೆ ಏನು ಮಾಡಿಯಾನು?" ಅಮ್ಮನ ತವರೂ ಅದೇ ನೀರಿನಲ್ಲಿ ಮುಳುಗಿತ್ತು. ಅಮ್ಮ ಕುಡಿಯಲಿಲ್ಲ. ಆಕೆ ಕುಡಿಯದಿದ್ದುದಕ್ಕೆ ಕಾರಣವನ್ನು ಯಾರೂ ಹುಡುಕಲಿಲ್ಲ. ನಮ್ಮ ಸಾಹಿತ್ಯವನ್ನು ಓದುವಾಗಲೂ ನನಗೆ ಇದೇ ಮಾತು ತೊಡಕುತ್ತದೆ. ಕಾರಂತರ ಚೋಮನಿಗೆ ದುಡಿಯಿದೆ, ಕಳ್ಳಿದೆ. ಆ ಕಳ್ಳಿನ ಹಿಂದೆ ಬೇಸಾಯದ ನೆಲ ದಕ್ಕದ ಸಂಕಟವಿದೆ. ಅದನ್ನು ಕಾರಂತರು ಬರೆದ ರೀತಿಗೆ ನಾನು ಕೈಮುಗಿಯುತ್ತೇನೆ. ಆದರೆ ಅಪ್ಪನ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋಗುವವಳು ಬೆಳ್ಳಿ. ಪುಸ್ತಕ ಮುಚ್ಚಿದವರಿಗೆ ದುಡಿಯ ಸದ್ದು ನೆನಪಿರುತ್ತದೆ, ಬೆಳ್ಳಿಯ ಹೆಜ್ಜೆಯ ಸದ್ದು ಎಷ್ಟು ಜನಕ್ಕೆ ನೆನಪಿರುತ್ತದೋ. ನಮ್ಮ ಕಡೆಯ ಕಾಡನ್ನು ಬಲ್ಲ ಕುವೆಂಪು ಬಗನಿ ಕಳ್ಳನ್ನು ಮರೆಯಲಿಲ್ಲ. ಬಗನಿ ಮರದ ಹೂಗೊನೆಯನ್ನು ಕಟ್ಟಿ, ಬಡಿದು, ತುದಿ ಸವರಿ ಮಡಕೆ ಕಟ್ಟಿದರೆ ಬೆಳಿಗ್ಗೆ ಸಿಹಿಯಾಗಿ ಇಳಿಯುವ ರಸ, ಯಾರೂ ಏನೂ ಹಾಕದೆ, ಹೊತ್ತೇರಿದಂತೆ ತಾನೇ ಹುಳಿತು ಕಳ್ಳಾಗುತ್ತದೆ. ಅದನ್ನು ಇಳಿಸುವ ಹಳೆಪೈಕರ ಕಸುಬು, ಮರ ಹತ್ತುವ ಧೈರ್ಯ, ಕುಡಿದವರ ಮಾತು ಇವೆಲ್ಲ ಬರವಣಿಗೆಗೆ ಒದಗಿ ಬಂದಿವೆ. ಮಡಕೆ ತೊಳೆದವರು ಒದಗಿ ಬಂದದ್ದು ಕಡಿಮೆ.

ತೊಳೆಯುವ ವಿಷಯಕ್ಕೇ ಬರುತ್ತೇನೆ, ನನ್ನ ಸಿಟ್ಟು ಇಳಿದದ್ದು ಅದರಿಂದ. ಬಿಯರ್ ಮಾಡುವುದೆಂದರೆ ಮುಕ್ಕಾಲು ಪಾಲು ಪಾತ್ರೆ ತೊಳೆಯುವುದು. ಒಂದು ಸೌಟು, ಒಂದು ಕೊಳವೆ ಸರಿಯಾಗಿ ಶುದ್ಧವಾಗದಿದ್ದರೂ ಬೇರೆ ಸೂಕ್ಷ್ಮಜೀವಿ ಸೇರಿ ಇಡೀ ಜಾಡಿ ಹುಳಿತು ಹಾಳಾಗುತ್ತದೆ. ಐವತ್ತು ಸೀಸೆಗಳನ್ನು ಅಳಿಯಂದಿರು ಒಬ್ಬರೇ ಕೂತು, ಬ್ರಷ್ ಹಾಕಿ ಉಜ್ಜಿ, ಔಷಧದ ನೀರಲ್ಲಿ ಅದ್ದಿ, ಬೋರಲು ಹಾಕಿದರು. ಗಂಡಸೊಬ್ಬ ತಾನು ಕುಡಿಯುವುದರ ಪಾತ್ರೆಯನ್ನು ತಾನೇ ತೊಳೆಯುವುದನ್ನು ನಾನು ನನ್ನ ಆಯುಷ್ಯದಲ್ಲಿ ಮೊದಲ ಸಲ ಕಂಡೆ.

ಸೀಸೆಗೆ ತುಂಬಿ ಎರಡು ವಾರ ಬಿಟ್ಟು ಸ್ನೇಹಿತರನ್ನು ಕರೆದರು. ಮಗಳು ಹಾಲೂಡಿಸುವವಳು, ಮುಟ್ಟಲಿಲ್ಲ. ನಾನು ಒಂದು ಸಣ್ಣ ಲೋಟದಲ್ಲಿ ಮೂರು ಗುಟುಕು ಕುಡಿದೆ. ಕುಡಿದೆನೆಂದು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಬಂದವರೆಲ್ಲ "ಕಾಫಿ, ಚಾಕೊಲೇಟ್" ಎಂದು ಹೊಗಳುತ್ತಿದ್ದರು. ಅಳಿಯಂದಿರು ನನ್ನ ಮುಖ ನೋಡಿದರು.

"ಕಾಳು ಸೀದಿದೆ" ಎಂದೆ. "ಕಹಿ ಬೇರೆ, ಸೀದದ್ದು ಬೇರೆ. ಕಹಿ ಮೊದಲಲ್ಲಿ ಬಂದು ಹೋಗಬೇಕು. ಇದು ಗಂಟಲಲ್ಲಿ ಬೂದಿಯ ಹಾಗೆ ಕೂತಿದೆ. ಜೊತೆಗೆ ನಾಲಿಗೆಯ ಅಂಚಿಗೆ ಒಗರು."

ಸಭೆ ಒಂದು ಕ್ಷಣ ತಣ್ಣಗಾಯಿತು. ಅಳಿಯಂದಿರು ಮಾತ್ರ ಎದ್ದುಹೋಗಿ ತಮ್ಮ ನೋಟುಪುಸ್ತಕ ತಂದು ಅದನ್ನು ಬರೆದುಕೊಂಡರು. ಹೊಗಳಿಕೆಯನ್ನು ಬರೆದುಕೊಳ್ಳದೆ ತಪ್ಪನ್ನು ಬರೆದುಕೊಂಡ ವಿದ್ಯಾರ್ಥಿ. ಅವತ್ತು ಅವರಿಗೆ ನಾನು ಕೊಡದೆ ಉಳಿಸಿಕೊಂಡ ಅಂಕ ಒಂದೇ ವಿಷಯದ್ದು: ಎಲ್ಲರೂ ಕೂತು ರುಚಿಯ ಚರ್ಚೆ ಮಾಡುವಾಗ ಒಲೆಯ ಮುಂದೆ ನಿಂತು ಬಜ್ಜಿ ಕರಿದವಳು ನಾನು. ರಾತ್ರಿ ಅದನ್ನೂ ಹೇಳಿದೆ.

ಈಗ ಬೆಂಗಳೂರಿನ ಪಟ್ಟಿ. 2010ರ ನಂತರ ಅಲ್ಲಿ ತಾವೇ ಬಿಯರ್ ತಯಾರಿಸಿ ಬಡಿಸುವ ಪಬ್ಬುಗಳು ಒಂದೊಂದಾಗಿ ತೆರೆದವು. ಹೋದ ವರ್ಷ ತಂಗಿಯ ಮಗಳು "ದೊಡ್ಡಮ್ಮ, ಊಟ ಚೆನ್ನಾಗಿರತ್ತೆ" ಎಂದು ಅಂಥದೊಂದಕ್ಕೆ ಕರೆದುಕೊಂಡು ಹೋದಳು. ಕರಿ ಬಿಯರಿನ ಎದುರು ಬರೆದ ವಿವರಣೆ ಪೂರ್ತಿ ಇಂಗ್ಲಿಷಿನಲ್ಲಿ. ಕಾಫಿ, ಕ್ಯಾರಮೆಲ್, ಸುಟ್ಟ ಬ್ರೆಡ್ಡು, ಚಾಕೊಲೇಟು. ಇದನ್ನು ಬರೆದವರು ಆ ಬಿಯರನ್ನು ಕುಡಿದರೋ, ಬೇರೊಂದು ದೇಶದ ಪಟ್ಟಿಯನ್ನು ನಕಲು ಮಾಡಿದರೋ ಎಂದು ಅನುಮಾನ ಬಂತು. ನಕಲು ಹಿಡಿಯುವುದು ನನ್ನ ವೃತ್ತಿ ತಾನೇ. ತಂಗಿಯ ಮಗಳ ಲೋಟದಿಂದ ಒಂದು ಗುಟುಕು ನೋಡಿದೆ. ಅದು ಚೆನ್ನಾಗಿಯೇ ಇತ್ತು. ಪಟ್ಟಿಯಲ್ಲಿದ್ದದ್ದು ಮಾತ್ರ ಅದಲ್ಲ. ಹದವಾಗಿ ಹುರಿದ ಉದ್ದಿನ ಘಮ, ಕಡೆಗೆ ಜೋನಿಬೆಲ್ಲ ತಳ ಹಿಡಿಯುವ ಮುಂಚಿನ ಕಮ್ಮನೆಯ ಕಹಿ. ರುಚಿಗೆ ಮಾತಿಲ್ಲದ ಜನವೇ ನಾವು? ಒಗರು, ಕನರು, ಕಮಟು, ಸೀಕಲು, ಹುಳಿಗಟ್ಟು, ಹೊಗೆನಾತ. ಹತ್ತು ಬಗೆಯ ಅಪ್ಪೆಮಿಡಿಯನ್ನು ತೊಟ್ಟು ಮುರಿದು ಮೂಸಿ ಬೇರ್ಪಡಿಸುವ ಸಾಗರದ ಹೆಂಗಸನ್ನು ಕರೆದು ಕೂರಿಸಿದರೆ ಆ ಪಟ್ಟಿಯನ್ನು ಅರ್ಧ ಗಂಟೆಯಲ್ಲಿ ತಿದ್ದಿಕೊಡುತ್ತಾಳೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಅಲ್ಲಿ ಕಂಡೆ. ಪಕ್ಕದ ಮೇಜಿನವರು ಕಪ್ಪು ಎಂದರೆ ಕಡು ಎಂದುಕೊಂಡು ಹೆದರುತ್ತಿದ್ದರು. ಬಣ್ಣ ಹುರಿತದ್ದು, ಅಮಲು ಸಕ್ಕರೆಯದ್ದು, ಒಂದಕ್ಕೊಂದು ಸಂಬಂಧವಿಲ್ಲ. ಐರ್ಲೆಂಡಿನ ಹೆಸರಾಂತ ಗಿನ್ನೆಸ್ ಕಪ್ಪಗಿದ್ದರೂ ಅದರ ಮದ್ಯಸಾರ ಶೇಕಡಾ 4ರ ಆಸುಪಾಸು. ನಮ್ಮಲ್ಲಿ ಸ್ಟ್ರಾಂಗ್ ಎಂದು ಮಾರುವುದು ಹೊಂಬಣ್ಣದ್ದು, ಅದರಲ್ಲಿ ಶೇಕಡಾ 8ರವರೆಗೂ ಇರುತ್ತದೆ.

ಆ ಪಟ್ಟಿಯ ಹಿಂದಿನ ಪುಟದಲ್ಲಿ ಬಿಯರಿನ ಇತಿಹಾಸವೂ ಇತ್ತು, ಗಡ್ಡದ ಗಂಡಸರ ಚಿತ್ರಗಳೊಡನೆ. ಸುಮೇರಿಯನ್ನರಿಗೆ ಬಿಯರಿನ ಅಧಿದೇವತೆ ನಿಂಕಾಸಿ, ಹೆಣ್ಣು. ಇಂಗ್ಲೆಂಡಿನಲ್ಲಿ ಬಿಯರ್ ದೊಡ್ಡ ವ್ಯಾಪಾರವಾಗುವ ಮುಂಚೆ ಅದನ್ನು ಮಾಡಿ ಮಾರಿದವರಲ್ಲಿ ಹೆಂಗಸರೇ ಬಹಳ. ನಮ್ಮ ರಾಗಿಯ ತವರು ಪೂರ್ವ ಆಫ್ರಿಕ. ಉಗಾಂಡದಲ್ಲಿ ಅದರಿಂದಲೇ ಬಿಯರ್ ಮಾಡಿ ಉದ್ದನೆಯ ಕೊಳವೆಯಿಂದ ಹೀರುತ್ತಾರೆ. ನೇಪಾಳ, ಸಿಕ್ಕಿಮಿನ ಮನೆಗಳಲ್ಲಿ ಹೆಂಗಸರು ರಾಗಿ ಹುಳಿಸಿ, ಬಿಸಿನೀರು ಹುಯ್ದು ಕೊಡುವ ತೋಂಗ್ಬಾ ಇದೆ. ಪಟ್ಟಿಯಲ್ಲಿ ಇವರು ಯಾರೂ ಇರಲಿಲ್ಲ. ಕಾರಣ ಕೊಡುವ ಸಾಹಿತ್ಯದಲ್ಲಿ ಕಾಣೆಯಾದವಳು ವಿಶೇಷಣ ಕೊಡುವ ಪಟ್ಟಿಯಲ್ಲೂ ಕಾಣೆ.

ಹಾಗಾದರೆ ನೀವೂ ಮನೆಯಲ್ಲಿ ಮಾಡಿ ಎಂದು ನಾನು ಹೇಳುತ್ತಿಲ್ಲ. ಹೇಳುವಂತೆಯೂ ಇಲ್ಲ. ಅಮೆರಿಕದಲ್ಲಿ 1978ರ ಕಾನೂನು ಮನೆಬಳಕೆಗೆ ಬಿಯರ್ ಮಾಡಿಕೊಳ್ಳುವುದಕ್ಕೆ ದಾರಿ ಮಾಡಿತು. ನಮ್ಮಲ್ಲಿ 1965ರ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಮಾಡಿದರೆ ಅಪರಾಧ. ಒಂದೇ ಹುಳಿಯುವಿಕೆ, ಪರವಾನಗಿ ಇದ್ದವನ ಕೈಯಲ್ಲಿ ಕಲೆ, ಇಲ್ಲದವಳ ಗುಡಿಸಲಲ್ಲಿ ಪೊಲೀಸು ಒಡೆದ ಮಡಕೆ. ಇದು ನನಗೆ ಸರಿಯೆನಿಸುವುದಿಲ್ಲ. ಆದರೆ ಕಾನೂನು ಸಡಿಲವಾಗಲಿ ಎಂದು ಕೂಗುವುದಕ್ಕೂ ಮನಸ್ಸು ಬಾರದು. 2007ರ ಜುಲೈ 1ರಿಂದ ಸಾರಾಯಿ ನಿಂತಾಗ ನಮ್ಮೂರ ಹೆಂಗಸರ ಮುಖ ನೋಡಿದವಳು ನಾನು. ಕೆಲವೇ ತಿಂಗಳಲ್ಲಿ ಅಗ್ಗದ ವಿಸ್ಕಿಯ ಪ್ಯಾಕೆಟ್ಟು ಆ ಜಾಗಕ್ಕೆ ಬಂದಾಗಲೂ ನೋಡಿದ್ದೇನೆ. ಸೋಮವಾರ ಬೆಳಿಗ್ಗೆ ತರಗತಿಯಲ್ಲಿ ನಿದ್ದೆ ತೂಗುವ ಮಗುವನ್ನು ಕೇಳಬೇಕಾಗಿಲ್ಲ, ರಾತ್ರಿ ಮನೆಯಲ್ಲಿ ಏನಾಗಿದೆಯೆಂದು ಗೊತ್ತು. ಆ ಮಗುವಿಗೆ ಹುರಿತದ ಹದದ ಬಗ್ಗೆ ಹೇಳುವ ಮುಖ ನನಗಿಲ್ಲ. ಬೆಂಗಳೂರಿನ ಒಂದು ಲೋಟದ ಬೆಲೆ ನಮ್ಮ ಕಡೆ ತೋಟದ ಕೆಲಸಕ್ಕೆ ಹೋಗುವವಳ ದಿನಗೂಲಿಯ ಹತ್ತಿರಹತ್ತಿರ ಇತ್ತೆಂಬುದನ್ನೂ ಬರೆದಿಡುತ್ತೇನೆ.

ಪೋರ್ಟ್‌ಲೆಂಡಿನಿಂದ ಹೊರಡುವ ಮುಂಚೆ ಅಳಿಯಂದಿರು ಎರಡನೇ ಸಲ ಕಾಯಿಸಿದರು. ಈ ಸಲ ಕಪ್ಪು ಕಾಳನ್ನು ಅಂಗಡಿಯಿಂದ ತರಲಿಲ್ಲ. ಅರ್ಧ ಕಿಲೋ ಬಾರ್ಲಿಯನ್ನು ನಾನೇ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಕೈಬಿಡದೆ ಕೆದಕುತ್ತ ಹುರಿದುಕೊಟ್ಟೆ. ಚಟಪಟ ಸದ್ದು ನಿಂತು, ಹೊಗೆ ನೀಲಿಯಾಗುವ ಮುಂಚೆ ಇಳಿಸಬೇಕು. ಅಮ್ಮ ಕಾಫಿಬೀಜಕ್ಕೆ ಹೇಳುತ್ತಿದ್ದ ಲೆಕ್ಕ. ಹುರಿದದ್ದನ್ನು ಒಂದು ವಾರ ಕಾಗದದ ಚೀಲದಲ್ಲಿಟ್ಟು ಘಾಟು ಹೋಗಲು ಬಿಟ್ಟರು. ಬಣ್ಣ ಮೊದಲಿನಷ್ಟು ಕಪ್ಪಾಗಲಿಲ್ಲ, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕೆಂಪು. ಸೀಸೆ ತೆರೆದ ಸಂಜೆ ಅದೇ ಸ್ನೇಹಿತರು ಬಂದರು. ಅಳಿಯಂದಿರು "ಅತ್ತೆ, ನೀವು ಕೂತ್ಕೊಳ್ಳಿ" ಎಂದು ಹೇಳಿ ತಾವೇ ಬಾಣಲೆ ಇಟ್ಟರು. ನಾನು ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಸೋಫಾದಲ್ಲಿ ಕೂತೆ. ಬಿಯರ್ ಚೆನ್ನಾಗಿತ್ತು. ಬಜ್ಜಿ ಮಾತ್ರ ಪೂರಾ ಎಣ್ಣೆ ಕುಡಿದಿತ್ತು.