‘ಐತಿಹಾಸಿಕ’ ಎಂಬ ವಿಶೇಷಣದ ಎರಡರ್ಥ

ಇಂಗ್ಲಿಷಿನಲ್ಲಿ ‘ಹಿಸ್ಟಾರಿಕ್’ ಎಂದೂ ‘ಹಿಸ್ಟಾರಿಕಲ್’ ಎಂದೂ ಎರಡು ವಿಶೇಷಣಗಳುಂಟು. ಇವು ಒಂದೇ ಮೂಲದಿಂದ ಹೊರಟವು. ಬಹುಕಾಲ ಒಂದರ ಸ್ಥಾನದಲ್ಲಿ ಮತ್ತೊಂದು ಸಲ್ಲುತ್ತಲೂ ಇದ್ದಿತು. ಕಾಲಕ್ರಮದಲ್ಲಿ ಅರ್ಥವು ಬೇರ್ಪಟ್ಟು, ಮೊದಲನೆಯದು ‘ಚರಿತ್ರೆಯಲ್ಲಿ ನೆನೆಯತಕ್ಕದ್ದು’ ಎಂಬ ಹಿರಿಮೆಯನ್ನೂ, ಎರಡನೆಯದು ‘ಚರಿತ್ರೆಗೆ ಸಂಬಂಧಪಟ್ಟದ್ದು, ನಿಜವಾಗಿ ನಡೆದದ್ದು’ ಎಂಬ ಸಂಗತಿಯನ್ನೂ ಹೇಳುವುದಾಯಿತು. ಫೌಲರನು 1926ರಲ್ಲಿ ಪ್ರಕಟಿಸಿದ ಪ್ರಯೋಗಕೋಶದಲ್ಲಿ ಈ ಭೇದವನ್ನು ಎತ್ತಿ ತೋರಿಸಿದ್ದಾನೆ. ಮೊದಲನೆಯ ಮಾತು ಬೆಲೆಯನ್ನು ಕಟ್ಟುತ್ತದೆ. ಎರಡನೆಯದು ಸಾಕ್ಷ್ಯವನ್ನು ಬೇಡುತ್ತದೆ. ಕನ್ನಡದಲ್ಲಿ ನಾವು ಎರಡಕ್ಕೂ ‘ಐತಿಹಾಸಿಕ’ ಎಂಬ ಒಂದೇ ಶಬ್ದವನ್ನು ಬಳಸುತ್ತಿರುವೆವು. ಇದರಿಂದಾಗುವ ತೊಡಕನ್ನು ನಿಡುಗಲ್ ಸೀಮೆಯ ಉದಾಹರಣೆಗಳಿಂದ ಪರಿಶೀಲಿಸಬಹುದು.

ಪಾವಗಡ ತಾಲ್ಲೂಕಿನ ನಿಡುಗಲ್ಲು ಚೋಳವಂಶದವರೆಂದು ಹೇಳಿಕೊಂಡ ಅರಸರ ರಾಜಧಾನಿಯಾಗಿದ್ದಿತು. ಈಗ ಆಂಧ್ರಪ್ರದೇಶಕ್ಕೆ ಸೇರಿರುವ ಹೇಮಾವತಿ, ಎಂದರೆ ಹಿಂದಿನ ಹೆಂಜೇರು, ಇವರ ಮತ್ತೊಂದು ನೆಲೆ. 1285ರಲ್ಲಿ ಹೊಯ್ಸಳ ಮೂರನೆಯ ನರಸಿಂಹನು ನಿಡುಗಲ್ಲಿನ ಮೇಲೆ ದಂಡೆತ್ತಿ ಬಂದನು. ನೆರೆಯ ಸಿರಾ ಪಟ್ಟಣವು 1687ರಲ್ಲಿ ಮೊಗಲರ ವಶವಾಗಿ ಅವರ ಸುಬಾದ ಕೇಂದ್ರವಾಯಿತು. ಇವು ನಡೆದವೂ ಅಹುದು, ನೆನೆಯತಕ್ಕವೂ ಅಹುದು. ಇಲ್ಲಿ ಎರಡರ್ಥಗಳೂ ಕೂಡಿರುವುದರಿಂದ ‘ಐತಿಹಾಸಿಕ’ ಎಂದರೆ ಬಾಧಕವಿಲ್ಲ.

ಆದರೆ ಈ ಅರಸರು ತಮ್ಮನ್ನು ಕರಿಕಾಲ ಚೋಳನ ಸಂತತಿಯವರೆಂದೂ ಒರೆಯೂರಿನ ಅಧೀಶ್ವರರೆಂದೂ ಹೊಗಳಿಸಿಕೊಂಡಿರುವರು. ಇದು ಐತಿಹಾಸಿಕವೇ? ಅವರು ಹಾಗೆ ಹೇಳಿಕೊಂಡರೆಂಬುದಕ್ಕೆ ಶಿಲೆಯೇ ಸಾಕ್ಷಿ. ಆದುದರಿಂದ ಹೇಳಿಕೆಯು ಚರಿತ್ರೆಗೆ ಸೇರಿದ್ದು. ಹೇಳಿಕೆಯಲ್ಲಿ ಅಡಗಿರುವ ವಂಶಸಂಬಂಧವು ಮಾತ್ರ ಬೇರೆ ಪ್ರಮಾಣವನ್ನು ಅಪೇಕ್ಷಿಸುತ್ತದೆ. ಒಂದೇ ವಿಶೇಷಣವನ್ನು ಹಚ್ಚಿದ ಲೇಖಕನು ಬಿರುದಿನ ಘನತೆಯನ್ನೇ ಅದರ ಸತ್ಯಕ್ಕೆ ಆಧಾರವೆಂದು ತಿಳಿಯದೆಯೇ ಒಪ್ಪಿಬಿಡುತ್ತಾನೆ. ಹಿರಿಮೆಯ ಮಾತು ಸಾಕ್ಷ್ಯದ ಪೀಠವನ್ನೇರುವುದು ಹೀಗೆ.

ಇದಕ್ಕೆ ವಿಪರೀತವಾದ ಹಾನಿಯೂ ಉಂಟು. ನಿಡುಗಲ್ಲಿನ 1232ರ ಶಾಸನವೊಂದು ಇರುಂಗೋಳನ ಆಳ್ವಿಕೆಯಲ್ಲಿ ಪಾರ್ಶ್ವಜಿನನ ಬಸದಿಯನ್ನು ಕಟ್ಟಿಸಿದುದನ್ನೂ ಅದಕ್ಕೆ ಸಂದ ದತ್ತಿಯನ್ನೂ ತಿಳಿಸುತ್ತದೆ. ಇಂಥ ದತ್ತಿಯಿಂದ ರಾಜ್ಯಗಳು ಏಳಲಿಲ್ಲ, ಬೀಳಲಿಲ್ಲ. ಜನರು ಬಾಳಿದ ಬಗೆಯನ್ನು ಅರಿಯುವುದಕ್ಕೆ ಇದಕ್ಕಿಂತ ನಂಬಿಕೆಯುಳ್ಳ ಆಧಾರವು ಅಪೂರ್ವ. ರೈಸ್ ಅವರು 1904ರಲ್ಲಿ ಹೊರತಂದ ತುಮಕೂರು ಜಿಲ್ಲೆಯ ಶಾಸನಸಂಪುಟದ ಬಹುಭಾಗವು ಇಂಥ ಕೆರೆ, ಗದ್ದೆ, ಗುಡಿ, ವೀರಗಲ್ಲುಗಳ ವಿಷಯವೇ ಆಗಿದೆ. ‘ಐತಿಹಾಸಿಕ’ ಎಂದರೆ ಕೋಟೆ, ಕಾಳಗ ಎಂದಷ್ಟೇ ತಿಳಿದವರ ಕಣ್ಣಿಗೆ ಇವು ಬೀಳವು. ಅಕ್ಷರವುಳ್ಳ ಕಲ್ಲು ಹಾಸುಗಲ್ಲಾಗಿಯೋ ಒಗೆಯುವ ಕಲ್ಲಾಗಿಯೋ ಸವೆದುಹೋದ ನಿದರ್ಶನಗಳು ನಮ್ಮ ನಾಡಿನಲ್ಲಿ ಕಡಮೆಯಲ್ಲ.

ಶಬ್ದದ ಪೂರ್ವವೃತ್ತಾಂತವೂ ಇಲ್ಲಿ ವಿಚಾರಾರ್ಹವಾಗಿದೆ. ಯಾಸ್ಕನ ನಿರುಕ್ತದಲ್ಲಿ ‘ಐತಿಹಾಸಿಕರು’ ಎಂಬ ಪಕ್ಷದವರ ಪ್ರಸ್ತಾಪ ಬರುತ್ತದೆ. ವೃತ್ರನೆಂದರೆ ಮೇಘವೆಂದು ನೈರುಕ್ತರು. ತ್ವಷ್ಟೃವಿನ ಮಗನಾದ ಅಸುರನೆಂದು ಐತಿಹಾಸಿಕರು. ಪರಂಪರೆಯ ಕಥೆಯನ್ನು ನಡೆದಂತೆಯೇ ಗ್ರಹಿಸುವುದು ಇವರ ಮತ. ‘ಹೀಗೆಯೇ ಇದ್ದಿತು’ ಎಂಬ ಅರ್ಥದ ಇತಿಹಾಸಶಬ್ದವು ಮಹಾಭಾರತಕ್ಕೂ ಸಲ್ಲುತ್ತದೆ. ಹೀಗೆ ಮೊದಲೇ ತುಂಬಿದ ಹೊರೆಯ ಮೇಲೆ ಇಂಗ್ಲಿಷಿನ ಎರಡು ಹೊರೆಗಳನ್ನು ಹೇರಿರುವೆವು.

ಪರಿಹಾರಕ್ಕೆ ಹೊಸ ಶಬ್ದವನ್ನು ಟಂಕಿಸಬೇಕಾಗಿಲ್ಲ. ಪ್ರಮಾಣದಿಂದ ತಿಳಿದುಬಂದ ಸಂಗತಿಗೆ ‘ಚಾರಿತ್ರಿಕ’ ಎಂಬುದನ್ನು ಮೀಸಲಿಡಬಹುದು. ಹಿರಿಮೆಯನ್ನು ಹೇಳಬೇಕಾದೆಡೆ ‘ಚರಿತ್ರಾರ್ಹ’ ಎನ್ನಬಹುದು. ಇಲ್ಲವೆ ಆ ಹಿರಿಮೆಯು ಯಾವುದರಿಂದ ಬಂದಿತೆಂಬುದನ್ನೇ ಬಿಡಿಸಿ ಬರೆಯಬಹುದು. ಎರಡನೆಯ ಮಾರ್ಗವೇ ಮೇಲು. ಕಾರಣವನ್ನು ಹೇಳತೊಡಗಿದವನಿಗೆ ಬರಿಯ ಹೊಗಳಿಕೆಯು ಸಾಲದು. ಸ್ಥಳಚರಿತ್ರೆಯನ್ನು ಬರೆಯುವವರು ಈ ವಿವೇಕವನ್ನು ಪಾಲಿಸಿದರೆ, ನಿಡುಗಲ್ಲಿನ ಕೋಟೆಯ ಕೀರ್ತಿಯೇನೂ ಕುಂದದು. ಅದರ ಬುಡದಲ್ಲಿರುವ ಸಣ್ಣ ಕಲ್ಲಿನ ಮಾತೂ ಉಳಿಯುವುದು.